ಅಣುವಿಗೆ ಲೇಸರ್ ಕತ್ತರಿ: ಎಣ್ಣೆ ಮಿಲ್ಲಿನ ಕೆಮಿಸ್ಟ್ ಒಬ್ಬಳ ತಕರಾರು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಸರ್ ಮತ್ತು ರಸಾಯನಶಾಸ್ತ್ರದ ಲೇಖನ ಓದಿದೆ. ಅಣುವಿನೊಳಗೆ ತಮಗೆ ಬೇಕಾದ ಬಂಧವನ್ನು ವಿಜ್ಞಾನಿಗಳು ಲೇಸರ್ ಕತ್ತರಿಯಿಂದ ಕಚಕ್ಕನೆ ಕತ್ತರಿಸುತ್ತಾರಂತೆ. ಆ ಲೇಸರಿನ ಶಕ್ತಿ ದೊಡ್ಡ ದೊಡ್ಡ ವಿದ್ಯುದಾಗಾರಗಳನ್ನೂ ಮೀರಿಸುತ್ತದಂತೆ. ಇನ್ನು ಕೆಲವೇ ವರ್ಷಗಳಲ್ಲಿ ಔಷಧ, ಎಣ್ಣೆ, ಗೊಬ್ಬರದ ಕಾರ್ಖಾನೆಗಳಲ್ಲಿ ಬಾಯ್ಲರೂ ಇರುವುದಿಲ್ಲ, ಕ್ರಿಯೆಯನ್ನು ಚುರುಕುಗೊಳಿಸುವ ಕ್ಯಾಟಲಿಸ್ಟೂ ಇರುವುದಿಲ್ಲವಂತೆ. ಬರೆದವರಿಗೆ ವಿಷಯದ ಮೇಲೆ ಪ್ರೀತಿ ಇದೆ, ಭಾಷೆಯೂ ಚೆನ್ನಾಗಿದೆ. ಆದರೆ ಈ ವಿದ್ಯೆಯ ಗುಟ್ಟು ಬಲದಲ್ಲಿದೆ ಎಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ. ಗುಟ್ಟು ಇರುವುದು ಬೆಳಕಿನ ಅಲೆಗಳ ಹೊಂದಿಕೆಯಲ್ಲಿ, ಲೇಖನ ಆ ಕಡೆ ತಿರುಗಿಯೂ ನೋಡಿಲ್ಲ. ಅದಕ್ಕೇ ಈ ಪತ್ರ.

ನಾನು ವಿಜ್ಞಾನಿಯಲ್ಲ. ಚಿತ್ರದುರ್ಗದಲ್ಲಿ ಬಿಎಸ್‌ಸಿ ಮುಗಿಸಿ, ಮೊದಲು ಒಂದು ವನಸ್ಪತಿ (ಡಾಲ್ಡಾ ಥರದ ಗಟ್ಟಿ ಕೊಬ್ಬು) ಕಾರ್ಖಾನೆಯ ಲ್ಯಾಬಿನಲ್ಲಿ, ಆಮೇಲೆ ನಿವೃತ್ತಿಯವರೆಗೂ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಕೆಲಸ ಮಾಡಿದವಳು. ಹಮಾಲರಿಂದ ಹಿಡಿದು ಮಾಲೀಕರವರೆಗೆ ಎಲ್ಲರ ಬಾಯಲ್ಲೂ 'ಲ್ಯಾಬ್ ಮೇಡಂ'. ರಾಸಾಯನಿಕ ಕ್ರಿಯೆಯನ್ನು ಹತೋಟಿಯಲ್ಲಿಡುವುದು ಎಂದರೇನು ಎಂದು ನನಗೆ ಗೊತ್ತಿರುವುದು ಆ ಕಡೆಯಿಂದ.

ವನಸ್ಪತಿ ಮಾಡುವಾಗ ಎಣ್ಣೆಯನ್ನು ಆಟೋಕ್ಲೇವಿಗೆ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) ತುಂಬಿ, ನಿಕ್ಕಲ್ ಕ್ಯಾಟಲಿಸ್ಟ್ ಹಾಕಿ, ಬಿಸಿ ಏರಿಸಿ ಹೈಡ್ರೋಜನ್ ಬಿಡುತ್ತಾರೆ. ಎಣ್ಣೆಯ ಅಣುವಿನ ಜೋಡಿ ಬಂಧಗಳಿಗೆ ಹೈಡ್ರೋಜನ್ ಸೇರುತ್ತಾ ಹೋದಂತೆ ತೆಳ್ಳಗಿದ್ದದ್ದು ಗಟ್ಟಿಯಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಲ್ಯಾಬಿನವರ ಕೆಲಸ. ಆಪರೇಟರ್ ಸ್ಟೀಲ್ ಲೋಟದಲ್ಲಿ ಸ್ಯಾಂಪಲ್ ತರುತ್ತಿದ್ದ, ನಿಕ್ಕಲ್ ಪುಡಿಯಿಂದ ಕರ್ರಗೆ ಮಸಿಯಂತಿರುತ್ತಿತ್ತು. ಫಿಲ್ಟರ್ ಪೇಪರಿನಲ್ಲಿ ಸೋಸಿ, ಎಣ್ಣೆಯಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು ಮುಚ್ಚಿ, ಕಣ್ಣಿಟ್ಟು ತಿರುಪು ತಿರುಗಿಸುತ್ತಿದ್ದೆ. ಬೆಳಕು ನೆರಳಿನ ಗಡಿ ಅಡ್ಡಗೆರೆಗೆ ಬಂದು ನಿಂತಾಗ ಅಂಕಿ ಓದಬೇಕು. ಹೈಡ್ರೋಜನ್ ಸೇರಿದಷ್ಟೂ ಅಂಕಿ ಇಳಿಯುತ್ತದೆ. ನಾನು 'ಬಂತು' ಎಂದರೆ ಅವನು ಓಡಿಹೋಗಿ ಗ್ಯಾಸ್ ಬಂದ್ ಮಾಡಬೇಕು.

ಅಲ್ಲಿ ನಮ್ಮ ಕೈಯಲ್ಲಿದ್ದದ್ದು ತಾಪ, ಒತ್ತಡ, ಕ್ಯಾಟಲಿಸ್ಟಿನ ಪ್ರಮಾಣ, ಕಲಕುವ ವೇಗ ಇಷ್ಟೇ. ಇವೆಲ್ಲ ಕೋಟ್ಯನುಕೋಟಿ ಅಣುಗಳ ಗುಂಪಿಗೆ ಒಟ್ಟಾಗಿ ಹೇಳುವ ಮಾತು, ಒಂದು ಅಣುವಿನ ಒಂದು ಬಂಧಕ್ಕೆ ಹೇಳುವ ಮಾತಲ್ಲ. ಹಾಗಾಗಿ ಬೇಡದ್ದೂ ಆಗುತ್ತದೆ. ಕೆಲವು ಜೋಡಿ ಬಂಧಗಳು ನಿಕ್ಕಲಿನ ಮೇಲೆ ಹೋಗಿ ಕೂತು, ಅರ್ಧ ಕ್ರಿಯೆ ನಡೆಸಿ, ಹೈಡ್ರೋಜನ್ ಬಿಟ್ಟುಕೊಟ್ಟು ವಾಪಸ್ ಬರುತ್ತವೆ. ಬರುವಾಗ ಸಿಸ್ ರೂಪದಲ್ಲಿದ್ದದ್ದು (ಸರಪಳಿಯ ಎರಡು ಭಾಗಗಳೂ ಬಂಧದ ಒಂದೇ ಬದಿಗೆ) ಟ್ರಾನ್ಸ್ (ಎದುರುಬದುರು ಬದಿಗೆ) ಆಗಿರುತ್ತದೆ. ಡಾಕ್ಟರುಗಳು ಹೆದರಿಸುವ ಟ್ರಾನ್ಸ್ ಫ್ಯಾಟ್ ಇದೇ. ಬಿಸಿ ಜಾಸ್ತಿಯಾಗಿ ಹೈಡ್ರೋಜನ್ ಕಡಿಮೆ ಬಿದ್ದರೆ ಟ್ರಾನ್ಸ್ ಏರುತ್ತದೆ ಎಂಬುದು ನಮಗೆ ಗೊತ್ತಿತ್ತು, ಪೂರ್ತಿ ತಡೆಯುವ ದಾರಿ ಮಾತ್ರ ಇರಲಿಲ್ಲ. 2022ರ ಜನವರಿಯಿಂದ ಖಾದ್ಯ ತೈಲ ಮತ್ತು ಕೊಬ್ಬಿನಲ್ಲಿ ಅದು ಶೇ 2ನ್ನು ಮೀರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಕಟ್ಟುನಿಟ್ಟು ಮಾಡಿದೆ. ಇಂಥ ಕೆಲಸ ಮಾಡಿದ ಯಾರಿಗಾದರೂ 'ಬೇಕಾದ ಬಂಧಕ್ಕೆ ಮಾತ್ರ ಕೈಹಾಕಬಹುದು' ಎಂದು ಹೇಳಿ ನೋಡಿ, ಕಿವಿ ನಿಮಿರುತ್ತದೆ. ಆ ಆಸೆಯಿಂದಲೇ ನಾನು ಈ ವಿಷಯವನ್ನು ಓದುತ್ತಾ ಬಂದವಳು.

ಈಗ ಕತ್ತರಿಯ ವಿಚಾರ. 1960ರಲ್ಲಿ ಲೇಸರ್ ಬಂದಾಗ ಹೀಗೇ ಅಂದುಕೊಂಡಿದ್ದರು. ಪ್ರತಿ ಬಂಧವೂ ತನ್ನದೇ ಆವೃತ್ತಿಯಲ್ಲಿ (ಸೆಕೆಂಡಿಗೆ ಇಷ್ಟು ಸಲ ಎಂಬ ಲೆಕ್ಕದಲ್ಲಿ) ಕಂಪಿಸುತ್ತದೆ, ಆ ಆವೃತ್ತಿಯ ಬೆಳಕನ್ನೇ ಹಾಯಿಸಿದರೆ ಅದೊಂದೇ ಬಂಧ ಹಿಗ್ಗಿ ಹರಿಯಬೇಕು ಎಂಬ ತರ್ಕ. ತರ್ಕವೇನೋ ಸರಿ, ಅಣು ಒಪ್ಪಲಿಲ್ಲ. ಒಂದು ಬಂಧಕ್ಕೆ ಕೊಟ್ಟ ಶಕ್ತಿ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದ ಆಸುಪಾಸಿನಲ್ಲೇ ಪಕ್ಕದ ಬಂಧಗಳಿಗೆಲ್ಲ ಹರಡಿಬಿಡುತ್ತದೆ. ಕೊನೆಗೆ ಹರಿಯುವುದು ಯಾವುದು? ಎಲ್ಲಕ್ಕಿಂತ ದುರ್ಬಲವಾದದ್ದು. ಬರೀ ಬಿಸಿ ಮಾಡಿದ್ದರೂ ಅದೇ ಹರಿಯುತ್ತಿತ್ತು. ಅಂದರೆ ಲಕ್ಷಾಂತರ ರೂಪಾಯಿಯ ಲೇಸರ್ ತಂದು ಆಟೋಕ್ಲೇವಿನ ಕೆಲಸ ಮಾಡಿಸಿದ ಹಾಗಾಯಿತು. ಐಸೋಟೋಪುಗಳನ್ನು (ಒಂದೇ ಮೂಲವಸ್ತುವಿನ ಬೇರೆಬೇರೆ ತೂಕದ ಪರಮಾಣುಗಳು) ಬೇರ್ಪಡಿಸುವುದರಲ್ಲಿ ಮಾತ್ರ ಆ ಕಾಲದ ಲೇಸರುಗಳು ಗೆದ್ದವು. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟದವರು ಸಲ್ಫರ್ ಹೆಕ್ಸಾಫ್ಲೋರೈಡಿನಲ್ಲಿ ಗಂಧಕದ ಐಸೋಟೋಪುಗಳನ್ನು ಹಾಗೆ ಬೇರ್ಪಡಿಸಿ ತೋರಿಸಿದರು.

ಕತ್ತರಿಯ ಕನಸು ಪೂರ್ತಿ ಸುಳ್ಳಲ್ಲ ಎನ್ನಲು ಒಂದು ಸೊಗಸಾದ ಉದಾಹರಣೆ ಇದೆ. ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್. ಅದರಲ್ಲೊಂದನ್ನು ತೆಗೆದು ಭಾರದ ಹೈಡ್ರೋಜನ್ ಆದ ಡ್ಯುಟೀರಿಯಂ ಇಟ್ಟರೆ ಎಚ್‌ಒಡಿ. 1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫ್ಲೆಮಿಂಗ್ ಕ್ರಿಮ್ ತಂಡ ಇದರ ಹೈಡ್ರೋಜನ್ ಕಡೆಯ ಬಂಧವನ್ನು ಲೇಸರಿನಿಂದ ಜೋರಾಗಿ ಕಂಪಿಸುವಂತೆ ಮಾಡಿ, ಆಮೇಲೆ ಹೊರಗಿನಿಂದ ಹೈಡ್ರೋಜನ್ ಪರಮಾಣುಗಳನ್ನು ತಾಗಿಸಿತು. ಹರಿದದ್ದು ಹೆಚ್ಚುಕಡಿಮೆ ಪೂರ್ತಿ ಆ ಬಂಧವೇ, ಡ್ಯುಟೀರಿಯಂ ಕಡೆಯದು ಉಳಿಯಿತು. ಇಲ್ಲಿ ಶಕ್ತಿ ಯಾಕೆ ಹರಡಲಿಲ್ಲ ಎಂದರೆ, ಎರಡು ಬಂಧಗಳ ಆವೃತ್ತಿಗಳು ಒಂದಕ್ಕೊಂದು ತೀರಾ ದೂರ, ಒಂದರ ಕುಣಿತ ಇನ್ನೊಂದಕ್ಕೆ ತಾಗುವುದಿಲ್ಲ. ಅಣು ಮೂರೇ ಪರಮಾಣುಗಳದ್ದಾದ್ದರಿಂದ ಹರಡಲು ಬೇರೆ ಜಾಗವೂ ಇಲ್ಲ. ಕಡಲೆಕಾಯಿ ಎಣ್ಣೆಯ ಒಂದು ಅಣುವಿನಲ್ಲಿ ನೂರೈವತ್ತಕ್ಕೂ ಹೆಚ್ಚು ಪರಮಾಣುಗಳಿರುತ್ತವೆ. ಅಲ್ಲಿ ಈ ಆಟ ನಡೆಯುವುದಿಲ್ಲ.

ಹಾಗಾದರೆ ದೊಡ್ಡ ತಿರುವು ಬಂದದ್ದು ಎಲ್ಲಿ? 1985-86ರ ಸುಮಾರಿಗೆ, ಕಾಗದದ ಮೇಲೆ. ಶಿಕಾಗೋದಲ್ಲಿ ಡೇವಿಡ್ ಟ್ಯಾನರ್ ಮತ್ತು ಸ್ಟುವರ್ಟ್ ರೈಸ್ ಒಂದು ದಾರಿ ತೋರಿಸಿದರು. ಟೊರೊಂಟೊದ ಪಾಲ್ ಬ್ರೂಮರ್ ಮತ್ತು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೋಶೆ ಶಪಿರೋ ಇನ್ನೊಂದು ತೋರಿಸಿದರು. ನಿಮ್ಮ ಲೇಖನದಲ್ಲಿ ಈ ನಾಲ್ವರಲ್ಲಿ ಒಬ್ಬರ ಹೆಸರೂ ಇಲ್ಲ.

ಬ್ರೂಮರ್ ಮತ್ತು ಶಪಿರೋ ಹೇಳಿದ್ದನ್ನು ಪ್ರಯೋಗದ ಮೂಲಕವೇ ವಿವರಿಸುತ್ತೇನೆ, ನನಗೆ ಅರ್ಥವಾದದ್ದೂ ಹಾಗೆಯೇ. ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗಾರ್ಡನ್ ತಂಡ 1995ರಲ್ಲಿ ಪ್ರಕಟಿಸಿದ ಕೆಲಸ ಅದು. ತೆಗೆದುಕೊಂಡದ್ದು ಹೈಡ್ರೋಜನ್ ಅಯೋಡೈಡ್, ಎರಡೇ ಪರಮಾಣುಗಳ ಅಣು. ಅದರ ಮೇಲೆ ಎರಡು ಬಗೆಯ ಬೆಳಕು ಒಟ್ಟಿಗೇ ಬೀಳುತ್ತದೆ. ಮೊದಲನೆಯದು ನೇರಳಾತೀತ, ಎರಡನೆಯದರ ಆವೃತ್ತಿ ಮೊದಲನೆಯದರ ಸರಿಯಾಗಿ ಮೂರು ಪಟ್ಟು. ಹಾಗಾಗಿ ಅಣು ಮೊದಲ ಬೆಳಕಿನ ಮೂರು ಕಣ ನುಂಗಿದರೂ, ಎರಡನೆಯದರ ಒಂದೇ ಕಣ ನುಂಗಿದರೂ ಏರುವ ಎತ್ತರ ಒಂದೇ. ಅಲ್ಲಿಗೆ ಹೋದ ಮೇಲೆ ಅದರ ಮುಂದೆ ಎರಡು ಗತಿ: ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನ್ ಆಗುವುದು, ಇಲ್ಲವೇ ಹೈಡ್ರೋಜನ್ ಮತ್ತು ಅಯೋಡಿನ್ ಆಗಿ ಒಡೆಯುವುದು.

ಈಗ ಗಮನಿಸಿ. ಅಣು ಮೇಲೆ ಹೋದದ್ದು ಮೂರು ಮೆಟ್ಟಿಲು ಹತ್ತಿಯೋ ಒಂದೇ ನೆಗೆತಕ್ಕೋ ಎಂದು ಹೇಳಲು ಯಾವ ಗುರುತೂ ಉಳಿದಿರುವುದಿಲ್ಲ. ಕ್ವಾಂಟಮ್ ಲೋಕದ ಕಾನೂನಿನಂತೆ, ಗುರುತಿಲ್ಲದ ಎರಡು ದಾರಿಗಳನ್ನು ಬೇರೆಬೇರೆಯಾಗಿ ಎಣಿಸಿ ಕೂಡಿಸುವಂತಿಲ್ಲ. ಎರಡರ ತರಂಗಗಳನ್ನು ಮೊದಲು ಕೂಡಿಸಿ, ಆಮೇಲೆ ಫಲ ನೋಡಬೇಕು. ಏರಿಗೆ ಏರು ಸೇರಿದರೆ ಆ ಗತಿ ಹೆಚ್ಚುತ್ತದೆ, ಏರಿಗೆ ಇಳಿ ಸೇರಿದರೆ ಕುಗ್ಗುತ್ತದೆ. ಪಿಯುಸಿ ಮಕ್ಕಳು ಬೆಳಕಿನ ಪಾಠದಲ್ಲಿ ಓದುವ ವ್ಯತಿಕರಣವೇ ಇದು, ಆದರೆ ಇಲ್ಲಿ ವ್ಯತಿಕರಣಗೊಳ್ಳುತ್ತಿರುವುದು ಅಣುವಿನ ಭವಿಷ್ಯ. ಏರು ಇಳಿಗಳ ಈ ಹೊಂದಿಕೆಗೆ ಫೇಸ್ ಎನ್ನುತ್ತಾರೆ. ಗಾರ್ಡನ್ ತಂಡ ಅದನ್ನು ಬದಲಿಸಿದ ಬಗೆ ನೋಡಿ: ಎರಡೂ ಬೆಳಕನ್ನು ಅನಿಲ ತುಂಬಿದ ಒಂದು ಕೋಶದ ಮೂಲಕ ಹಾಯಿಸಿದರು. ಅನಿಲದಲ್ಲಿ ಎರಡರ ವೇಗ ಕೂದಲೆಳೆಯಷ್ಟು ಬೇರೆ, ಆದ್ದರಿಂದ ಅನಿಲದ ಒತ್ತಡ ಏರಿಸಿದಂತೆ ಒಂದು ಇನ್ನೊಂದಕ್ಕಿಂತ ಚೂರು ಹಿಂದೆ ಬೀಳುತ್ತದೆ. ಒತ್ತಡ ಏರುತ್ತಾ ಹೋದಂತೆ ಅಯಾನಿನ ಇಳುವರಿ ಏರಿತು, ಇಳಿಯಿತು, ಮತ್ತೆ ಏರಿತು. ಅಯೋಡಿನ್ನಿನದ್ದೂ ಹಾಗೇ. ಆದರೆ ಎರಡೂ ಒಟ್ಟಿಗೆ ಏರಲಿಲ್ಲ, ಒಟ್ಟಿಗೆ ಇಳಿಯಲಿಲ್ಲ! ಒಂದು ಒತ್ತಡದಲ್ಲಿ ಇದು ಹೆಚ್ಚು, ಇನ್ನೊಂದರಲ್ಲಿ ಅದು ಹೆಚ್ಚು.

ಇಡೀ ಪ್ರಯೋಗದಲ್ಲಿ ಲೇಸರಿನ ಬಲ ಹೆಚ್ಚಿಸಿಲ್ಲ, ತಾಪ ಮುಟ್ಟಿಲ್ಲ, ಕ್ಯಾಟಲಿಸ್ಟ್ ಇಲ್ಲ. ಅಣುವಿಗೆ ತಾಗದ ಎಲ್ಲೋ ಒಂದು ಕೋಶದಲ್ಲಿ ಅನಿಲದ ಒತ್ತಡ ತುಸು ಬದಲಿಸಿದ್ದಾರೆ, ಅಣು ತನ್ನ ಗತಿ ಬದಲಿಸಿದೆ. ವರ್ಷಗಟ್ಟಲೆ ವಾಲ್ವ್ ತಿರುಗಿಸಿ ಎಣ್ಣೆಯೊಂದಿಗೆ ಗುದ್ದಾಡಿದವಳಿಗೆ ಇದನ್ನು ಓದಿದಾಗ ಮೈ ಜುಂ ಎಂದಿತು. ನಿಮ್ಮ ಲೇಖನದಲ್ಲಿ ಇರಬೇಕಾಗಿದ್ದದ್ದು ಇದು.

ಟ್ಯಾನರ್ ಮತ್ತು ರೈಸ್ ಹಿಡಿದದ್ದು ಸಮಯದ ದಾರಿ. ಮೊದಲ ಮಿಂಚು, ಅಂದರೆ ಲೇಸರಿನ ಅತಿ ಚಿಕ್ಕ ಹೊಡೆತ, ಅಣುವನ್ನು ಮೇಲೆ ಎತ್ತುತ್ತದೆ, ಅದು ಅಲ್ಲಿ ಹಿಗ್ಗುತ್ತಾ ಕುಗ್ಗುತ್ತಾ ಇರುವಾಗ, ಸರಿಯಾದ ಆಕಾರಕ್ಕೆ ಬಂದ ಕ್ಷಣ ನೋಡಿ ಎರಡನೆಯ ಮಿಂಚು ಕೆಳಗಿಳಿಸುತ್ತದೆ. ಕ್ಷಣ ಎಂದರೆ ಫೆಮ್ಟೊಸೆಕೆಂಡಿನ ಲೆಕ್ಕ, ದಶಮಾಂಶ ಬಿಂದುವಿನ ನಂತರ ಹದಿನೈದನೇ ಸ್ಥಾನ. ಈಜಿಪ್ಟಿನಲ್ಲಿ ಹುಟ್ಟಿ ಕ್ಯಾಲ್‌ಟೆಕ್‌ನಲ್ಲಿ ಕೆಲಸ ಮಾಡಿದ ಅಹಮದ್ ಜಿವೇಲ್ ಆ ಕಾಲಮಾನದಲ್ಲಿ ಬಂಧ ಹರಿಯುವುದನ್ನು ಕಂಡು 1999ರ ನೊಬೆಲ್ ಪಡೆದರು, ಅಷ್ಟನ್ನು ಲೇಖನ ಹೇಳಿದೆ. ಅವರ ತಂಡವೇ 1992ರಲ್ಲಿ ಅಯೋಡಿನ್ ಅಣುವನ್ನೂ ಕ್ಸೆನಾನ್ ಪರಮಾಣುವನ್ನೂ ಇಟ್ಟುಕೊಂಡು, ಎರಡು ಮಿಂಚುಗಳ ನಡುವಿನ ಅಂತರ ಬದಲಿಸಿದಂತೆ ಕ್ಸೆನಾನ್ ಅಯೋಡೈಡಿನ ಇಳುವರಿ ಏರಿಳಿಯುವುದನ್ನು ತೋರಿಸಿತು. ಅದನ್ನು ಹೇಳಿಲ್ಲ. ನೋಡಿದ್ದಕ್ಕಿಂತ ಮಾಡಿದ್ದು ದೊಡ್ಡ ಸುದ್ದಿ ಎಂದು ನನ್ನ ಎಣಿಕೆ.

ಮುಂದೆ ಇದಕ್ಕೆ ಕಂಪ್ಯೂಟರ್ ಸೇರಿಕೊಂಡಿತು. ದೊಡ್ಡ ಅಣುಗಳಿಗೆ ಎಂಥ ಮಿಂಚು ಬೇಕು ಎಂದು ಲೆಕ್ಕ ಹಾಕಿ ಹೇಳುವುದು ಅಸಾಧ್ಯ. ಅದಕ್ಕೆ ರಿಚರ್ಡ್ ಜಡ್ಸನ್ ಮತ್ತು ಪ್ರಿನ್ಸ್‌ಟನ್ನಿನ ಹರ್ಷಲ್ ರಬಿಟ್ಜ್ 1992ರಲ್ಲಿ ಒಂದು ಉಪಾಯ ಬರೆದರು: ಲೆಕ್ಕ ಬೇಡ, ಅಣುವನ್ನೇ ಕೇಳಿ. ಒಂದಷ್ಟು ಬೇರೆಬೇರೆ ಆಕಾರದ ಮಿಂಚುಗಳನ್ನು ಹೊಡೆಯಿರಿ, ಇಳುವರಿ ಅಳೆಯಿರಿ, ಚೆನ್ನಾಗಿದ್ದವನ್ನು ಉಳಿಸಿ ಬೆರೆಸಿ ಹೊಸದು ಮಾಡಿ ಮತ್ತೆ ಹೊಡೆಯಿರಿ. ಜರ್ಮನಿಯ ವುರ್ಜ್‌ಬರ್ಗ್‌ನಲ್ಲಿ ಗುಸ್ತಾವ್ ಗೆರ್ಬರ್ ತಂಡ 1998ರಲ್ಲಿ ಕಬ್ಬಿಣವಿರುವ ಒಂದು ಸಂಯುಕ್ತದಲ್ಲಿ ಇದನ್ನು ಮಾಡಿಯೇ ಬಿಟ್ಟಿತು. ಯಾವ ತುಣುಕು ಹೆಚ್ಚು ಬರಬೇಕು ಎಂದು ಹೇಳಿದರೆ ಯಂತ್ರವೇ ಮಿಂಚಿನ ಆಕಾರ ಹುಡುಕಿಕೊಂಡಿತು. ತಮಾಷೆ ಏನೆಂದರೆ, ಹೀಗೆ ಸಿಕ್ಕ ಮಿಂಚು ಯಾಕೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳುವುದು ಅನೇಕ ಸಲ ವಿಜ್ಞಾನಿಗಳಿಗೇ ಕಷ್ಟ. ನಮ್ಮಲ್ಲೊಬ್ಬ ಹಳೆಯ ಆಪರೇಟರ್ ಇದ್ದ. ಸ್ಟಿರರ್ ಸದ್ದು ಕೇಳಿಯೇ 'ಆತು ನೋಡ್ರಿ' ಎನ್ನುತ್ತಿದ್ದ, ಹೇಗೆ ಗೊತ್ತಾಯಿತು ಎಂದರೆ ತಲೆ ಕೆರೆದುಕೊಳ್ಳುತ್ತಿದ್ದ. ಆ ಯಂತ್ರದ ಕತೆಯೂ ಹಾಗೇ.

ಇನ್ನು ವಿದ್ಯುದಾಗಾರವನ್ನು ಮೀರಿಸುವ ಬಲ. ಲ್ಯಾಬಿನ ಒಂದು ಸಾಮಾನ್ಯ ಫೆಮ್ಟೊಸೆಕೆಂಡ್ ಲೇಸರಿನ ಒಂದು ಮಿಂಚಿನಲ್ಲಿ 1 ಮಿಲಿಜೂಲ್ ಶಕ್ತಿ ಇದೆ, ಅದು 50 ಫೆಮ್ಟೊಸೆಕೆಂಡಿನಲ್ಲಿ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಭಾಗಿಸಿದರೆ 20,000 ಮೆಗಾವಾಟ್. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟಿನ ಸುಮಾರು ಇಪ್ಪತ್ತು ಪಟ್ಟು, ಒಪ್ಪಿದೆ. ಆದರೆ ಸೆಕೆಂಡಿಗೆ ಇಂಥ ಸಾವಿರ ಮಿಂಚು ಹೊಡೆದರೂ ಒಟ್ಟು ಸರಾಸರಿ 1 ವಾಟ್. ದೇವರ ಮನೆಯ ಜೀರೋ ಬಲ್ಬು ಇದಕ್ಕಿಂತ ಹೆಚ್ಚು ತಿನ್ನುತ್ತದೆ. ಈ ಎರಡನೆಯ ಅಂಕಿಯನ್ನೂ ಅಚ್ಚು ಹಾಕಬೇಕಿತ್ತು.

ಯಾಕೆಂದರೆ ಕಾರ್ಖಾನೆಯ ಮಾತು ಬಂದಾಗ ಲೆಕ್ಕಕ್ಕೆ ಬರುವುದು ಸರಾಸರಿಯೇ. ಒಂದು ಟನ್ ಕಡಲೆಕಾಯಿ ಎಣ್ಣೆ ತೆಗೆದುಕೊಳ್ಳಿ. ಅಣುಭಾರ ಸುಮಾರು 880, ಅಂದರೆ ಟನ್ನಿಗೆ ಸುಮಾರು 1,136 ಮೋಲ್ (ಅಣುಗಳನ್ನು ಎಣಿಸುವ ಅಳತೆ). ಈ ಪ್ರಯೋಗಗಳಲ್ಲಿ ಬಹಳವಾಗಿ ಬಳಸುವ ಟೈಟಾನಿಯಂ ಸಫೈರ್ ಲೇಸರಿನ ಬೆಳಕು 800 ನ್ಯಾನೊಮೀಟರ್, ಅದರ ಒಂದು ಮೋಲ್ ಬೆಳಕಿನ ಕಣಗಳಲ್ಲಿ ಸುಮಾರು 150 ಕಿಲೋಜೂಲ್. ಅಣುವಿಗೆ ಒಂದೇ ಒಂದು ಕಣ ಕೊಟ್ಟರೂ ಟನ್ನಿಗೆ 170 ಮೆಗಾಜೂಲ್ ಬೇಕು. 5 ವಾಟ್ ಲೇಸರ್ ಹಗಲೂ ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ ಉರಿದರೆ ಅಷ್ಟು ಕೊಡಲು ಒಂದು ವರ್ಷ ದಾಟುತ್ತದೆ. ಅದೂ ಒಂದು ಕಣವೂ ವ್ಯರ್ಥವಾಗದಿದ್ದರೆ! ಚಳ್ಳಕೆರೆಯಲ್ಲಿ ಕಡಲೆಕಾಯಿ ಸುಗ್ಗಿಯ ಹೊತ್ತಿಗೆ ಸಣ್ಣ ಮಿಲ್ಲೂ ಒಂದು ದಿನದಲ್ಲಿ ಟನ್ನುಗಟ್ಟಲೆ ಎಣ್ಣೆ ತೆಗೆಯುತ್ತದೆ. ಗೆರ್ಬರ್, ಗಾರ್ಡನ್ ಮುಂತಾದವರ ಪ್ರಯೋಗಗಳಲ್ಲಿ ಫಲವನ್ನು ಲೀಟರಿನಲ್ಲಿ ಅಳೆಯುವುದಿಲ್ಲ, ನಿರ್ವಾತ ಕೋಣೆಯಲ್ಲಿ ಅಯಾನುಗಳಾಗಿ ಎಣಿಸುತ್ತಾರೆ. ಹಾಗಾಗಿ ಬಾಯ್ಲರ್ ಆಪರೇಟರುಗಳು ಹೆದರುವ ಕಾರಣವಿಲ್ಲ.

ಇದರ ಅರ್ಥ ವಿದ್ಯೆ ಉಪಯೋಗಕ್ಕಿಲ್ಲ ಅಂತಲ್ಲ. ನನ್ನ ಹಳೆಯ ಶತ್ರು ಸಿಸ್-ಟ್ರಾನ್ಸ್ ವಿಷಯದಲ್ಲೇ ಒಂದು ಕೆಲಸ ನಡೆದಿದೆ. ನಮ್ಮ ಕಣ್ಣಿನ ಹಿಂದಿನ ಪರದೆಯಲ್ಲಿ ರೆಟಿನಲ್ ಎಂಬ ಅಣು ಇದೆ. ಬೆಳಕು ಬಿದ್ದಾಗ ಅದರ ಒಂದು ಜೋಡಿ ಬಂಧ ಸಿಸ್‌ನಿಂದ ಟ್ರಾನ್ಸ್‌ಗೆ ತಿರುಗುವುದೇ ನೋಟದ ಮೊದಲ ಹೆಜ್ಜೆ, ಅದು ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ಮುಗಿದಿರುತ್ತದೆ. ಉಪ್ಪುನೀರಿನ ಒಂದು ಸೂಕ್ಷ್ಮಜೀವಿಯ ಪ್ರೋಟೀನಿನಲ್ಲೂ ರೆಟಿನಲ್ ಇದೆ, ಅಲ್ಲಿ ತಿರುಗುವುದು ಟ್ರಾನ್ಸ್‌ನಿಂದ ಸಿಸ್‌ಗೆ. 2006ರಲ್ಲಿ ಡ್ವೇನ್ ಮಿಲ್ಲರ್ ತಂಡ ಟೊರೊಂಟೊದಲ್ಲಿ ಆಕಾರ ತಿದ್ದಿದ ಮಿಂಚುಗಳಿಂದ ಆ ತಿರುಗುವಿಕೆಯನ್ನು ಸುಮಾರು ಶೇ 20ರಷ್ಟು ಹೆಚ್ಚಿಸಿತು, ಸುಮಾರು ಅಷ್ಟೇ ತಗ್ಗಿಸಿಯೂ ತೋರಿಸಿತು. ಪ್ರೋಟೀನು ದೊಡ್ಡದು, ದ್ರವದಲ್ಲಿ ತೇಲುತ್ತಿದೆ, ಸುತ್ತ ಎಲ್ಲವೂ ಅಲುಗಾಡುತ್ತಿದೆ. ಅಂಥ ಗದ್ದಲದಲ್ಲೂ ಬೆಳಕಿನ ಹೊಂದಿಕೆಗೆ ಅಣು ಓಗೊಟ್ಟಿದೆ ಎನ್ನುವುದು ಶೇ 20 ಎಂಬ ಅಂಕಿಗಿಂತ ದೊಡ್ಡ ವಿಷಯ.

ಇನ್ನೊಂದು ತುದಿಯಲ್ಲಿ ಅತಿಶೀತಲ ರಸಾಯನಶಾಸ್ತ್ರ ಬೆಳೆಯುತ್ತಿದೆ. ಡೆಬೊರಾ ಜಿನ್ ಮತ್ತು ಜುನ್ ಯೆ ಅವರ ತಂಡ ಕೊಲೊರಾಡೊದಲ್ಲಿ 2008ರಲ್ಲಿ ಪೊಟ್ಯಾಸಿಯಂ-ರುಬಿಡಿಯಂ ಅಣುಗಳನ್ನು ನಿರಪೇಕ್ಷ ಶೂನ್ಯದಿಂದ (ಅದಕ್ಕಿಂತ ತಣ್ಣಗಾಗಲು ಸಾಧ್ಯವಿಲ್ಲದ ಮಿತಿ) ಒಂದು ಡಿಗ್ರಿಯ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಮೇಲೆ ಇಟ್ಟಿತು. ಎಲ್ಲ ಅಣುಗಳೂ ಒಂದೇ ಕ್ವಾಂಟಮ್ ಸ್ಥಿತಿಯಲ್ಲಿದ್ದರೆ ಅವು ಒಂದರ ಹತ್ತಿರ ಒಂದು ಬರಲು ಹಿಂಜರಿಯುತ್ತವೆ, ಕ್ರಿಯೆ ನಿಧಾನ. ಬೀಜಕೇಂದ್ರದ ಸ್ಪಿನ್ ಎಂಬ ಕ್ವಾಂಟಮ್ ಗುಣ ಮಾತ್ರ ಬೇರೆ ಮಾಡಿ ಬೆರೆಸಿದರೆ ಅದೇ ಕ್ರಿಯೆ ಹತ್ತರಿಂದ ನೂರು ಪಟ್ಟು ಬೇಗ! ಸಾಮಾನ್ಯ ರಸಾಯನಶಾಸ್ತ್ರದಲ್ಲಿ ಆ ಸ್ಪಿನ್ನನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಇಂಥ ಅಣುಗಳನ್ನು ಶಕ್ತಿ ಅತಿ ಕಡಿಮೆ ಇರುವ ತಳದ ಸ್ಥಿತಿಗೆ ಇಳಿಸಲು ಬಳಸುವ ಎರಡು ಲೇಸರಿನ ವಿಧಾನಕ್ಕೆ ಬುನಾದಿ ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮ. ವಿಧಾನದ ಹೆಸರಿನಲ್ಲೇ ರಾಮನ್ ಇದ್ದಾರೆ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ಅದೇ ಪುರವಣಿಯ ಹಿಂದಿನ ಪುಟದಲ್ಲಿ 'ಕ್ವಾಂಟಮ್ ಶಕ್ತಿ ತುಂಬಿದ' ನೀರಿನ ಬಾಟಲಿಯ ಜಾಹೀರಾತು ಇತ್ತು. ಅಣುವಿನ ಬಂಧಕ್ಕೆ ತುಂಬಿದ ಶಕ್ತಿ ಸಾಮಾನ್ಯವಾಗಿ ಎಷ್ಟು ಹೊತ್ತು ಒಂದು ಕಡೆ ನಿಲ್ಲುತ್ತದೆ ಎಂದು ಮೇಲೆ ಹೇಳಿದ್ದೇನೆ. ನಮ್ಮ ಬೀದಿಯ ಸೆಕೆಂಡ್ ಪಿಯು ಹುಡುಗಿ ಎರಡೂ ಪುಟ ಒಟ್ಟಿಗೆ ತಂದು, 'ಅಜ್ಜಿ, ಇವೆರಡೂ ಒಂದೇನಾ?' ಎಂದಳು. ಅವಳನ್ನು ಬೈಯುವಂತಿಲ್ಲ, ಎರಡರ ಭಾಷೆಯೂ ಒಂದೇ ಥರ ಇತ್ತು. ಜಾಹೀರಾತು ವಿಭಾಗ ನಿಮ್ಮ ಕೈಯಲ್ಲಿಲ್ಲ ಎನ್ನಬಹುದು, ಲೇಖನದ ಭಾಷೆಯಂತೂ ನಿಮ್ಮ ಕೈಯಲ್ಲಿದೆ.

2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಇಟ್ಟಿದ್ದಾರೆ. ಅದರ ನಾಲ್ಕು ವಿಭಾಗಗಳು ಕಂಪ್ಯೂಟಿಂಗ್, ಸಂವಹನ, ಸಂವೇದನೆ-ಮಾಪನ, ವಸ್ತು-ಸಾಧನ. ರಸಾಯನಶಾಸ್ತ್ರಕ್ಕೆ ಅಲ್ಲಿ ಹೆಸರು ಹೇಳಿ ಕೊಟ್ಟ ಜಾಗವಿಲ್ಲ. ಹೀಗಾಗಿ ಪತ್ರಿಕೆಗಳಲ್ಲಿ ಕ್ವಾಂಟಮ್ ಎಂದರೆ ಕಂಪ್ಯೂಟರ್ ಎಂದೇ ಆಗಿದೆ, ನಮ್ಮ ಕಡೆಯ ಬಿಎಸ್‌ಸಿ ಮಕ್ಕಳೂ ಹಾಗೇ ತಿಳಿದಿದ್ದಾರೆ. ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ಕೊಡುತ್ತಾ ಬಂದಿದ್ದಾರೆ. ಆ ತರಬೇತಿಯಲ್ಲಿ ಒಂದು ಮಧ್ಯಾಹ್ನವನ್ನು ಈ ವಿಷಯಕ್ಕೆ ಮೀಸಲಿಡಿ ಎಂದು ನಿಮ್ಮ ಪತ್ರಿಕೆಯ ಮೂಲಕ ಅವರನ್ನು ಕೇಳಿಕೊಳ್ಳುತ್ತೇನೆ. ದುಬಾರಿ ಲೇಸರ್ ಬೇಡ. ಗಾರ್ಡನ್ ಪ್ರಯೋಗದಲ್ಲಿ ಏರಿಳಿದ ಆ ಎರಡು ಇಳುವರಿಗಳ ಅಲೆಗೆರೆ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ಒಂದು ಏಳುವಾಗ ಇನ್ನೊಂದು ಯಾಕೆ ಜೊತೆಗೆ ಏಳಲಿಲ್ಲ ಎಂದು ಕೇಳಿದರೆ ಸಾಕು, ಉಳಿದದ್ದನ್ನು ಮೇಷ್ಟ್ರುಗಳೇ ಮಕ್ಕಳಿಗೆ ದಾಟಿಸುತ್ತಾರೆ. ನೀವು ಅದೇ ಚಿತ್ರವನ್ನು ಮುಂದಿನ ಪುರವಣಿಯಲ್ಲಿ ಹಾಕಿ, ಲೇಖಕರಿಂದಲೇ ಇನ್ನೊಂದು ಲೇಖನ ಬರೆಸಿ.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ವನಸ್ಪತಿ ಪುರಾಣ ತೆಗೆದುಬಿಡಿ, ಹೈಡ್ರೋಜನ್ ಅಯೋಡೈಡ್ ಭಾಗ ಇರಲಿ. ಎಣ್ಣೆ ಟನ್ನಿನ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬಿಡಿಸಿ ಇದರ ಜೊತೆ ಕಳಿಸಿದ್ದೇನೆ.

ಇಂತಿ,
ನಿವೃತ್ತ ಲ್ಯಾಬ್ ಕೆಮಿಸ್ಟ್,
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ